ಆಪ್ತರಿಗೆ ಲೈಸೆನ್ಸ್ ಕೊಡೋರು ಯಾರು?

ಕೋರಮಂಗಲದಲ್ಲೋ ರಾಜಾಜಿನಗರದಲ್ಲೋ ಒಂದು ಸಣ್ಣ ರೂಮು ಬಾಡಿಗೆಗೆ ಹಿಡಿದು ಇಡ್ಲಿ ಮಾರ್ತೀನಿ ಅಂತ ಹೊರಡಿ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ನಂಬರನ್ನು ಗೋಡೆಗೆ ತೂಗುಹಾಕಬೇಕು. ಅದೇ ರೂಮಿನಲ್ಲಿ ಎರಡು ಮೆತ್ತನೆಯ ಕುರ್ಚಿ, ಒಂದು ಟಿಶ್ಯೂ ಡಬ್ಬಿ, ಮೂಲೆಯಲ್ಲೊಂದು ಮನಿ ಪ್ಲಾಂಟ್ ಇಟ್ಟು ಬಾಗಿಲಿಗೆ ‘ಕೌನ್ಸೆಲರ್’ ಅಂತ ಬೋರ್ಡು ಹಾಕಿ. ನೀವು ಏನು ಓದಿದ್ದೀರಿ ಅಂತ ಕೇಳೋಕೆ ಯಾರೂ ಬರಲ್ಲ. ವಾರಾಂತ್ಯದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇದು ಯಾರೋ ಗುಮಾಸ್ತರು ಮರೆತು ಬಿಟ್ಟುಹೋದ ಖಾಲಿ ಜಾಗ ಅಂತ ನೀವು ಅಂದುಕೊಂಡರೆ, ಹಾಗಲ್ಲ. ಮಾತಿನಿಂದ ಗುಣಪಡಿಸುವವರಿಗೆ ಬೇಲಿ ಹಾಕಬೇಕು ಅಂತ ಸರ್ಕಾರಗಳು ಸುಮಾರು ನೂರು ವರ್ಷದಿಂದ ಒದ್ದಾಡ್ತಾ ಇವೆ. ಆ ಒದ್ದಾಟದ ಕಥೆ ಶುರುವಾಗೋದು ವಿಯೆನ್ನಾದಲ್ಲಿ.

ಥಿಯೊಡೋರ್ ರೈಕ್ ಎಂಬಾತ ಫ್ರಾಯ್ಡ್‌ನ ಶಿಷ್ಯ. ಓದಿದ್ದು ಮನಃಶಾಸ್ತ್ರ, ಪಡೆದದ್ದು ಪಿಎಚ್‌ಡಿ; ವೈದ್ಯನಲ್ಲ. ಆದರೂ ರೋಗಿಗಳಿಗೆ ಮನೋವಿಶ್ಲೇಷಣೆ ಮಾಡ್ತಿದ್ದ. ವೈದ್ಯರಲ್ಲದವರು ಚಿಕಿತ್ಸೆ ಕೊಡುವ ಹಾಗಿಲ್ಲ ಅಂತ ಆಸ್ಟ್ರಿಯಾದಲ್ಲಿ ಕಾನೂನಿತ್ತು. ರೈಕ್‌ನ ಬಳಿ ಚಿಕಿತ್ಸೆ ಪಡೆದಿದ್ದ ಒಬ್ಬ ಅಮೆರಿಕನ್ ವೈದ್ಯನೇ ದೂರು ಕೊಟ್ಟ. ಆಪಾದನೆ ನಕಲಿ ವೈದ್ಯಕೀಯ. 1926ರಲ್ಲಿ ಶಿಷ್ಯನ ಪರವಾಗಿ ಫ್ರಾಯ್ಡ್ ಒಂದು ಇಡೀ ಪುಸ್ತಕವನ್ನೇ ಬರೆದ. ಪಕ್ಷಪಾತವಿಲ್ಲದ ಒಬ್ಬ ವ್ಯಕ್ತಿಯ ಜೊತೆ ಕೂತು ಮಾತಾಡಿದ ಹಾಗೆ ಅದರ ರೂಪ. ಅದರ ವಾದದ ಸಾರ ಇಷ್ಟು: ಡಿಗ್ರಿ ಇಲ್ಲದವನು ನಕಲಿ ಅಲ್ಲ, ಬೇಕಾದ ತಿಳಿವಳಿಕೆ ಮತ್ತು ಕಸುಬು ಇಲ್ಲದೆ ಚಿಕಿತ್ಸೆಗೆ ಕೈಹಾಕುವವನು ನಕಲಿ. ಆ ಲೆಕ್ಕದಲ್ಲಿ ಮನೋವಿಶ್ಲೇಷಣೆ ಕಲಿಯದ ವೈದ್ಯನೇ ದೊಡ್ಡ ನಕಲಿ! ಮೈಯನ್ನು ಕೊಯ್ದು ನೋಡುವ ತರಬೇತಿ ಮನಸ್ಸಿನ ಕೆಲಸಕ್ಕೆ ಸಹಾಯಕ್ಕಿಂತ ಅಡ್ಡಿಯೇ ಜಾಸ್ತಿ ಅನ್ನೋ ಮಟ್ಟಕ್ಕೆ ಫ್ರಾಯ್ಡ್ ಹೋಗ್ತಾನೆ.

1927ರಲ್ಲಿ ಕೇಸು ಬಿದ್ದುಹೋಯಿತು. ರೈಕ್ ಗೆದ್ದ ಅನ್ನಿ. ಆದರೆ ಮುಂದೆ ನಾಜಿಗಳಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದಾಗ ಅಲ್ಲಿಯ ಮನೋವಿಶ್ಲೇಷಕರ ಸಂಘ, ಅಂದರೆ ಸ್ವಂತ ಬಳಗವೇ, ‘ನೀವು ಡಾಕ್ಟರಲ್ಲ’ ಅಂತ ಪೂರ್ಣ ಸದಸ್ಯತ್ವ ಕೊಡಲಿಲ್ಲ. ಕೋರ್ಟು ಬಿಟ್ಟರೂ ಸಂಘ ಬಿಡಲಿಲ್ಲ. ಈ ತಮಾಷೆಯನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇರೆ ಬೇರೆ ವೇಷದಲ್ಲಿ ಮತ್ತೆ ಬರುತ್ತೆ.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಏನು ನಡೀತಿತ್ತು? 1922ರಲ್ಲೇ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದರು. ಬೋಸ್ ಸ್ವತಃ ವೈದ್ಯರು, ಫ್ರಾಯ್ಡ್ ಜೊತೆ ಪತ್ರವ್ಯವಹಾರ ಇದ್ದವರು. ಆದರೆ ಸಂಘದ ಮೊದಲ ಸದಸ್ಯರಲ್ಲಿ ಹೆಚ್ಚಿನವರು ಮನಃಶಾಸ್ತ್ರ, ತತ್ವಶಾಸ್ತ್ರ ಕಲಿಸುವ ಕಾಲೇಜು ಮೇಷ್ಟ್ರುಗಳು. ಇನ್ನು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು; ಅದನ್ನು ಬೆಳೆಸಿದವರು ಎಂ.ವಿ. ಗೋಪಾಲಸ್ವಾಮಿ. (ಹೌದು, 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ ಅದೇ ಗೋಪಾಲಸ್ವಾಮಿ.) ಅವರದ್ದು ಲಂಡನ್ನಿನಲ್ಲಿ ಕಲಿತ ಮನೋಮಾಪನದ ದಾರಿ. ಬುದ್ಧಿಯನ್ನು ಅಳೆಯೋದು, ಪರೀಕ್ಷೆಗಳು, ಪ್ರಯೋಗಾಲಯ. ಈ ಅಳೆಯುವ ಮನಃಶಾಸ್ತ್ರ ಮತ್ತು ಆ ಆಲಿಸುವ ಮನಃಶಾಸ್ತ್ರ ಎರಡೂ ನಮ್ಮಲ್ಲಿ ಬೇರೆ ಬೇರೆ ಊರಲ್ಲಿ ಹುಟ್ಟಿದವು. ಎಪ್ಪತ್ತು ವರ್ಷ ಕಳೆದ ಮೇಲೆ ಕಾನೂನು ಬರೆಯೋರು ಕೂತಾಗ ಅವರ ಕಣ್ಣಿಗೆ ಬಿದ್ದದ್ದು ಅಳೆಯುವವರು ಮಾತ್ರ. ಅಲ್ಲಿಗೆ ಆಮೇಲೆ ಬರೋಣ.

ಅದಕ್ಕೆ ಮುಂಚೆ ಇಂಗ್ಲೆಂಡಿನ ಕಥೆ ಹೇಳಲೇಬೇಕು. ಈ ವಿಷಯದಲ್ಲಿ ಅಷ್ಟು ಹೊತ್ತು ತಲೆ ಕೆಡಿಸಿಕೊಂಡು ಅಷ್ಟು ಕಡಿಮೆ ಸಾಧಿಸಿದ ಇನ್ನೊಂದು ದೇಶ ಕಾಣಲ್ಲ.

ಎಲ್ಲಾ ಶುರುವಾಗಿದ್ದು ಸೈಂಟಾಲಜಿಯಿಂದ. ಎಲ್. ರಾನ್ ಹಬ್ಬರ್ಡ್ ಎಂಬ ಅಮೆರಿಕದ ಕಥೆಗಾರ 1950ರಲ್ಲಿ ಒಂದು ಮನೋಚಿಕಿತ್ಸೆಯನ್ನು ಕಂಡುಹಿಡಿದಿದ್ದೇನೆ ಅಂತ ಪುಸ್ತಕ ಬರೆದು, ಆಮೇಲೆ ಅದನ್ನೇ ಧರ್ಮ ಮಾಡಿ, 1959ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಒಂದು ಬಂಗಲೆ ಕೊಂಡು ಅಲ್ಲಿಂದ ವ್ಯವಹಾರ ನಡೆಸತೊಡಗಿದ. ಇ-ಮೀಟರ್ ಅನ್ನೋ ಒಂದು ಯಂತ್ರದ ಹಿಡಿಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಮ್ಮ ಗುಟ್ಟುಗಳನ್ನೆಲ್ಲ ಹೇಳಬೇಕು. ಮುಂದಿನ ಹಂತಕ್ಕೆ ಮತ್ತೆ ದುಡ್ಡು. ಮೊದಲು ಎಚ್ಚೆತ್ತದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. 1965ರಲ್ಲಿ ಅದು ಮನಃಶಾಸ್ತ್ರ ವೃತ್ತಿಯ ಕಾಯಿದೆ ಮಾಡಿ, ಸೈಂಟಾಲಜಿಯನ್ನು ನಿಷೇಧಿಸಿತು. ನೋಂದಾಯಿತ ಮನಃಶಾಸ್ತ್ರಜ್ಞರನ್ನು ಬಿಟ್ಟು ಬೇರೆಯವರು ಇ-ಮೀಟರ್ ಬಳಸುವಂತಿಲ್ಲ ಅಂತಲೂ ಬರೆಯಿತು. ಅಂದರೆ ಅಲ್ಲಿನ ಮನಃಶಾಸ್ತ್ರಜ್ಞರಿಗೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು ಅವರ ಮೇಲಿನ ಪ್ರೀತಿಯಿಂದಲ್ಲ, ಇನ್ನೊಬ್ಬರ ಮೇಲಿನ ಸಿಟ್ಟಿನಿಂದ.

ಬ್ರಿಟನ್ 1968ರಲ್ಲಿ ವಿದೇಶಿ ಸೈಂಟಾಲಜಿಸ್ಟರು ದೇಶದೊಳಗೆ ಬರೋದನ್ನು ತಡೆಯಿತು. ಆಮೇಲೆ ತನಿಖೆಗೆ ಸರ್ ಜಾನ್ ಫಾಸ್ಟರ್ ಎಂಬ ವಕೀಲ-ಸಂಸದರನ್ನು ನೇಮಿಸಿತು. 1971ರ ಕೊನೆಯಲ್ಲಿ ಅವರ ವರದಿ ಬಂತು. ಅದು ಸರ್ಕಾರ ನಿರೀಕ್ಷಿಸಿದ ಉತ್ತರ ಅಲ್ಲ. ಒಂದು ಪಂಥವನ್ನು ಹೆಸರು ಹಿಡಿದು ಹೊರಗಿಡೋದು ಸರಿಯಲ್ಲ; ಮನಸ್ಸಿನ ಮೇಲೆ ಕೆಲಸ ಮಾಡುವ ಯಾರಿಗೇ ಆದರೂ ಎದುರಿಗೆ ಕೂತವನ ಮೇಲೆ ಅಪಾರ ಹಿಡಿತ ಸಿಗುತ್ತೆ, ದುರುಪಯೋಗಕ್ಕೆ ಅಲ್ಲಿ ಬೇಕಾದಷ್ಟು ಅವಕಾಶ ಇದೆ; ಆದ್ದರಿಂದ ತರಬೇತಿ ಪಡೆದು ನೀತಿಸಂಹಿತೆ ಒಪ್ಪಿದವರಷ್ಟೇ ದುಡ್ಡು ತಗೊಂಡು ಮನೋಚಿಕಿತ್ಸೆ ಮಾಡಬೇಕು ಅಂತ ಕಾನೂನು ತನ್ನಿ ಅಂದರು ಫಾಸ್ಟರ್.

ಚೆನ್ನಾಗಿದೆ ಅಲ್ವಾ? ಆದರೆ ಮನೋಚಿಕಿತ್ಸೆ ಅಂದರೇನು ಅಂತ ಕಾನೂನಿನಲ್ಲಿ ಬರೆಯೋದು ಹೇಗೆ? ಹಲ್ಲು ಕೀಳೋದು ಅಂದರೆ ಏನು ಅಂತ ಬರೆಯಬಹುದು. ‘ಒಬ್ಬರ ದುಃಖ ಕೇಳಿ ಮಾತಿನಿಂದ ಹಗುರ ಮಾಡುವುದು’ ಅಂತ ಬರೆದರೆ ಚರ್ಚಿನ ಪಾದ್ರಿ, ಶಾಲೆಯ ಮೇಡಮ್ಮು, ಪಕ್ಕದ ಮನೆ ಅತ್ತೆ ಎಲ್ಲರೂ ಜೈಲಿಗೆ. 1978ರಲ್ಲಿ ಪಾಲ್ ಸೀಗಾರ್ಟ್ ಎಂಬ ಮಾನವಹಕ್ಕು ವಕೀಲರ ನೇತೃತ್ವದ ಗುಂಪು ಇದಕ್ಕೆ ಒಂದು ಉಪಾಯ ಹೇಳಿತು. ಕೆಲಸಕ್ಕೆ ಬೇಲಿ ಹಾಕೋದು ಬೇಡ, ಹೆಸರಿಗೆ ಹಾಕಿ. ಯಾರು ಬೇಕಾದರೂ ಯಾರ ಮಾತನ್ನಾದರೂ ಕೇಳಲಿ, ‘ಸೈಕೋಥೆರಪಿಸ್ಟ್’ ಅಂತ ಬೋರ್ಡು ಹಾಕೋರು ಮಾತ್ರ ನೋಂದಾಯಿತರಾಗಿರಲಿ.

ಅಲ್ಲಿಂದ ಇವತ್ತಿನವರೆಗೂ ಜಗತ್ತಿನ ಬಹುತೇಕ ಕಾನೂನುಗಳು ಈ ಹೆಸರಿನ ಬೇಲಿಯ ಸುತ್ತಲೇ ಸುತ್ತುತ್ತಿವೆ. ಬ್ರಿಟನ್ನಿನಲ್ಲಂತೂ ಅದೂ ಆಗಲಿಲ್ಲ. 1981ರಲ್ಲಿ ಒಬ್ಬ ಸಂಸದರ ಖಾಸಗಿ ಮಸೂದೆ ಬಿತ್ತು. ಈ ಶತಮಾನದ ಆರಂಭದಲ್ಲಿ ಲಾರ್ಡ್ಸ್ ಸಭೆಯಲ್ಲಿ ಇನ್ನೊಂದು ಬಂತು, ಅದೂ ಬಿತ್ತು. ಇದರ ನಡುವೆ ಚಿಕಿತ್ಸಕರೇ ಸೇರಿ ಒಂದಾಗೋಣ ಅಂತ ಸಂಘ ಕಟ್ಟಲು ಹೋಗಿ, ಒಂದರ ಬದಲು ಎರಡು ಮೂರು ಸಂಘಗಳಾದವು. (ಕನ್ನಡ ಸಂಘಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ.) 2007ರಲ್ಲಿ ಸರ್ಕಾರ ಗಟ್ಟಿ ಮನಸ್ಸು ಮಾಡಿ, ಮನಃಶಾಸ್ತ್ರಜ್ಞರು, ಸೈಕೋಥೆರಪಿಸ್ಟರು, ಕೌನ್ಸೆಲರುಗಳು ಎಲ್ಲರನ್ನೂ ಆರೋಗ್ಯ ವೃತ್ತಿಗಳ ಮಂಡಳಿಯ ಕೆಳಗೆ ತರ್ತೀವಿ ಅಂತ ಘೋಷಿಸಿತು. ಅದು ಪಾದಚಿಕಿತ್ಸಕರು, ಆಂಬುಲೆನ್ಸ್ ಪ್ಯಾರಾಮೆಡಿಕ್‌ಗಳು ಇರುವ ಮಂಡಳಿ. 2009ರಲ್ಲಿ ಮನಃಶಾಸ್ತ್ರಜ್ಞರು ಒಳಗೆ ಹೋದರು. ಉಳಿದವರಲ್ಲಿ ಮನೋವಿಶ್ಲೇಷಕರು ತಿರುಗಿಬಿದ್ದರು: ಮನಸ್ಸಿನ ಕೆಲಸವನ್ನು ಕಾಲುಗುರಿನ ಕೆಲಸದ ಹಾಗೆ ಅಳೆಯೋಕಾಗಲ್ಲ. ಕೆಲವು ಸಂಘಟನೆಗಳು ಹೈಕೋರ್ಟಿಗೂ ಹೋದವು. 2011ರ ಫೆಬ್ರವರಿಯಲ್ಲಿ ಹೊಸ ಸರ್ಕಾರ ಇಡೀ ಯೋಜನೆಯನ್ನು ಕೈಬಿಟ್ಟು, ಇಷ್ಟವಿದ್ದವರು ಮಾನ್ಯತೆಯ ಪಟ್ಟಿಗೆ ಸೇರಿಕೊಳ್ಳಿ ಅಂದಿತು. ಫಾಸ್ಟರ್ ವರದಿ ಬಂದು ನಲವತ್ತು ವರ್ಷ ಆಗಿತ್ತು. ಇವತ್ತಿಗೂ ಲಂಡನ್ನಿನಲ್ಲಿ ಯಾರು ಬೇಕಾದರೂ ‘ಥೆರಪಿಸ್ಟ್’ ಅಂತ ಬೋರ್ಡು ಹಾಕಬಹುದು.

ಮನೋವಿಶ್ಲೇಷಕರ ವಾದದಲ್ಲಿ ತಿರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಆ ನಲವತ್ತು ವರ್ಷದ ಜಗಳ ಪೂರ್ತಿ ನಡೆದದ್ದು ಬಾಗಿಲಿನ ಬಗ್ಗೆ. ಯಾರು ಒಳಗೆ, ಯಾರು ಹೊರಗೆ, ಯಾರ ಪಕ್ಕ ಯಾರು ಕೂರಬೇಕು. ಫಾಸ್ಟರ್‌ಗೆ ಕಂಡ ಅಪಾಯ ಇದ್ದದ್ದು ಬಾಗಿಲಿನಲ್ಲಲ್ಲ, ಬಾಗಿಲು ಮುಚ್ಚಿದ ಮೇಲೆ ಎರಡು ಕುರ್ಚಿಗಳ ನಡುವೆ. ಅಲ್ಲಿ ತೊಂದರೆಯಾದವರು ಎಲ್ಲಿ ಹೋಗಬೇಕು ಅನ್ನೋ ಪ್ರಶ್ನೆ ಹಿಂದಿನ ಬೆಂಚಿಗೆ ಹೋಯಿತು.

ಈಗ ನಮ್ಮ ಊರಿಗೆ ಬರೋಣ. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ಎಂ.ವಿ. ಗೋವಿಂದಸ್ವಾಮಿ. ಮರುವರ್ಷವೇ ಮನೋವೈದ್ಯರಿಗೊಂದು, ಮನಃಶಾಸ್ತ್ರಜ್ಞರಿಗೊಂದು ಡಿಪ್ಲೊಮಾ ಶುರು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು, ಡಿಪ್ಲೊಮಾ ಮುಂದೆ ಎಂ.ಫಿಲ್ ಆಯಿತು. ‘ನಿನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು’ ಅನ್ನೋದು ಬೈಗುಳವಾಗಿರುವ ಇದೇ ಊರು ದೇಶಕ್ಕೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟರನ್ನು ತಯಾರು ಮಾಡಿಕೊಟ್ಟಿದೆ. ತಯಾರಾದವರಿಗೆ ಲೈಸೆನ್ಸ್ ಕೊಡುವ ಕಾನೂನು ಮಾತ್ರ ಇರಲಿಲ್ಲ.

ಅದು ಸಿಕ್ಕಿದ್ದು 1992ರಲ್ಲಿ, ಸಂಬಂಧವೇ ಇಲ್ಲ ಅನ್ನಿಸುವ ದಾರಿಯಲ್ಲಿ. ಅಂಗವಿಕಲರಿಗೆ ಸೇವೆ ಕೊಡುವವರ ತರಬೇತಿಗೆ ಒಂದು ಶಿಸ್ತು ತರಬೇಕು ಅಂತ ಸಂಸತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಮಾಡಿತು. ಆ ಕಾಯಿದೆಯ ವೃತ್ತಿಗಳ ಪಟ್ಟಿ ನೋಡಿ: ಶ್ರವಣತಜ್ಞರು, ವಿಶೇಷ ಶಿಕ್ಷಕರು, ಶ್ರವಣಯಂತ್ರದ ತಂತ್ರಜ್ಞರು, ಕೃತಕ ಕೈಕಾಲು ಮಾಡುವವರು, ಮತ್ತು ಇವರ ನಡುವೆ ಕ್ಲಿನಿಕಲ್ ಸೈಕಾಲಜಿಸ್ಟರು. ಯಾಕೆ? ನನಗೆ ತೋಚುವ ಕಾರಣ ಇಷ್ಟೇ. ಬುದ್ಧಿಮಾಂದ್ಯ ಅಂತ ಸರ್ಟಿಫಿಕೇಟ್ ಕೊಡೋಕೆ ಐಕ್ಯೂ ಪರೀಕ್ಷೆ ಬೇಕು, ಪರೀಕ್ಷೆ ಮಾಡೋಕೆ ಸೈಕಾಲಜಿಸ್ಟ್ ಬೇಕು. ಗೋಪಾಲಸ್ವಾಮಿಯವರ ಕಾಲದ ಅಳತೆಗೋಲಿಗೆ ಹೀಗೆ ಸರ್ಕಾರಿ ಮುದ್ರೆ ಬಿತ್ತು. ಅಳೆಯುವ ಕೈಗೆ ನೋಂದಣಿ ಸಂಖ್ಯೆ ಸಿಕ್ಕಿತು, ಆಲಿಸುವ ಕಿವಿಗೆ ಸಿಗಲಿಲ್ಲ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ ಮಾಡಿದವರು ಅವತ್ತೂ ಈ ಪಟ್ಟಿಯಲ್ಲಿ ಇರಲಿಲ್ಲ, ಇವತ್ತೂ ಇಲ್ಲ.

ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ಆ ಕಾಯಿದೆಯಲ್ಲಿ ಒಂದು ವರ್ಷದ ತನಕ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇವತ್ತು ಬೆಂಗಳೂರಿನಲ್ಲಿ ಎಷ್ಟೋ ಕಡೆ ಒಂದೇ ಒಂದು ಸೆಷನ್ನಿಗೆ ಅದಕ್ಕಿಂತ ಜಾಸ್ತಿ ಫೀಸು ಇದೆ.

ಮುಂದಿನ ಅಧ್ಯಾಯ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಒಳ್ಳೆಯ ಕಾಯಿದೆ, ರೋಗಿಯ ಹಕ್ಕುಗಳನ್ನು ಅಷ್ಟು ಬಿಡಿಸಿ ಹೇಳಿದ ಕಾನೂನು ನಮ್ಮಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಆದರೆ ‘ಮಾನಸಿಕ ಆರೋಗ್ಯ ವೃತ್ತಿಪರ’ ಯಾರು ಅನ್ನುವ ವ್ಯಾಖ್ಯೆ ಓದಿ. ಮನೋವೈದ್ಯರು ಇದ್ದಾರೆ. ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್, ನರ್ಸು, ಸೈಕಿಯಾಟ್ರಿಕ್ ಸಮಾಜ ಕಾರ್ಯಕರ್ತರು ಇದ್ದಾರೆ. ಮನೋರೋಗದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಯುರ್ವೇದ, ಹೋಮಿಯೋಪತಿ, ಯುನಾನಿ, ಸಿದ್ಧ ವೈದ್ಯರೂ ಇದ್ದಾರೆ. ಕೌನ್ಸೆಲರ್ ಇಲ್ಲ. ಸೈಕೋಥೆರಪಿಸ್ಟ್ ಇಲ್ಲ. ಬ್ರೇಕಪ್ಪು, ಬರ್ನ್‌ಔಟು, ಅಪ್ಪ ತೀರಿಕೊಂಡ ದುಃಖ ಅಂತ ನಾವು ನೀವು ಆ್ಯಪ್ ತೆಗೆದು ಯಾರ ಹತ್ತಿರ ಹೋಗ್ತೀವೋ ಅವರಲ್ಲಿ ಬಹಳಷ್ಟು ಜನ ಈ ಕಾನೂನಿನ ಕಣ್ಣಿಗೆ ಬಿದ್ದಿಲ್ಲ.

ಇದರಿಂದ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಮನೆಯವರಿಂದ ರಕ್ಷಣೆ ಕೇಳಿ ಬಂದ ಇಬ್ಬರು ಹೆಣ್ಣುಮಕ್ಕಳ ಕೇಸಿತ್ತು. ತೀರ್ಪು ಬರೆಯುವ ಮುಂಚೆ ಸಲಿಂಗ ಸಂಬಂಧದ ಬಗ್ಗೆ ತಾವೇ ತಿಳಿಯಬೇಕು ಅಂತ ನ್ಯಾಯಮೂರ್ತಿಗಳು ಮನಃಶಾಸ್ತ್ರಜ್ಞೆಯೊಬ್ಬರ ಜೊತೆ ಕೂತು ಮಾತಾಡಿದರು. ಅದನ್ನು ಆದೇಶದಲ್ಲೂ ದಾಖಲಿಸಿದರು. ನಮ್ಮ ನ್ಯಾಯಾಂಗದ ಇತಿಹಾಸದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ಆಮೇಲೆ ಬಂದ ಆದೇಶದಲ್ಲಿ, ಸಲಿಂಗಿಗಳನ್ನು ‘ಗುಣಪಡಿಸ್ತೀನಿ’ ಅಂತ ಹೊರಡುವ ವೃತ್ತಿಪರರ ಮೇಲೆ ಲೈಸೆನ್ಸ್ ವಾಪಸು ಪಡೆಯುವುದೂ ಸೇರಿದಂತೆ ಕ್ರಮ ಆಗಬೇಕು ಅಂದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಅಂತ ಘೋಷಿಸಿತು.

ಸರಿ, ಡಾಕ್ಟರ್ ಮಾಡಿದರೆ ಮೆಡಿಕಲ್ ಕೌನ್ಸಿಲ್ ಕೇಳುತ್ತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡಿದರೆ ಪುನರ್ವಸತಿ ಪರಿಷತ್ತಿಗೆ ಬರೆಯಬಹುದು. ನಾನು ಮೊದಲು ಹೇಳಿದ ಮನಿ ಪ್ಲಾಂಟಿನ ರೂಮಿನಲ್ಲಿ, ಹದಿನೆಂಟರ ಹುಡುಗನನ್ನು ಅಪ್ಪ ಅಮ್ಮ ಎಳೆದುಕೊಂಡು ಬಂದು ಕೂರಿಸಿದಾಗ? ಕಸಿದುಕೊಳ್ಳೋಕೆ ಅಲ್ಲಿ ಲೈಸೆನ್ಸೇ ಇಲ್ಲ. ಕ್ಲೈಂಟಿನ ಗುಟ್ಟನ್ನು ಅವಳ ಗಂಡನಿಗೆ ಹೇಳಿದ ಕೌನ್ಸೆಲರ್, ಸೆಷನ್ನಿನ ಸಲುಗೆಯನ್ನು ಇನ್ನೆಲ್ಲಿಗೋ ಎಳೆದ ಕೌನ್ಸೆಲರ್, ಇವರ ಬಗ್ಗೆ ಗ್ರಾಹಕರ ನ್ಯಾಯಾಲಯಕ್ಕೋ ಪೊಲೀಸ್ ಸ್ಟೇಷನ್ನಿಗೋ ಹೋಗಬೇಕು. ಮನಸ್ಸು ಮುರಿದು ಹೋದವರು ಪೊಲೀಸ್ ಸ್ಟೇಷನ್ನಿನಲ್ಲಿ ಆ ಕಥೆಯನ್ನು ಮತ್ತೊಮ್ಮೆ ಹೇಳಬೇಕು ಅಂದರೆ ಎಷ್ಟು ಜನ ಹೋಗ್ತಾರೆ, ನೀವೇ ಲೆಕ್ಕ ಹಾಕಿ.

ಹಾಗಾದರೆ ಬಾಗಿಲು ಬಿಗಿ ಮಾಡಿಬಿಡೋಣ, ಎಂ.ಫಿಲ್ ಇಲ್ಲದವರೆಲ್ಲ ಹೊರಗೆ ಅಂತ ಹೇಳೋಣವೇ? ಇಲ್ಲಿ ಇತಿಹಾಸ ಇನ್ನೊಂದು ಕಡೆಯಿಂದ ಜಗ್ಗುತ್ತೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ನೂರಕ್ಕೆ ಹತ್ತು ಜನಕ್ಕೆ ಏನಾದರೊಂದು ಮಾನಸಿಕ ತೊಂದರೆ ಇದೆ. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ. ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರು ಇಡೀ ದೇಶಕ್ಕೆ ಕೆಲವೇ ಸಾವಿರ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ್ದು ಏನು? ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟದ್ದು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ‘ಸಂಗಾತ್’ ಸಂಸ್ಥೆಯವರು ಸಾಮಾನ್ಯ ಜನರನ್ನೇ ಆರಿಸಿ, ಕಲಿಸಿ, ಮೇಲೊಬ್ಬರು ನಿಗಾ ಇಟ್ಟು ಕೌನ್ಸೆಲಿಂಗ್ ಮಾಡಿಸಿದರು. ಖಿನ್ನತೆ ಕಡಿಮೆಯಾದದ್ದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2010ರಲ್ಲೂ 2017ರಲ್ಲೂ ವರದಿಯಾಯಿತು. ನಮ್ಮಲ್ಲೇ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದೂ ಬರೆದೂ, ಗೃಹಿಣಿಯರು, ಮೇಷ್ಟ್ರುಗಳು, ನಿವೃತ್ತರಿಗೆ ಆಪ್ತಸಲಹೆಯ ತರಬೇತಿ ಕೊಟ್ಟರು. ‘ಆಪ್ತ’ ಅನ್ನೋ ಪದ ಕೌನ್ಸೆಲಿಂಗಿಗೆ ಕನ್ನಡ ಸೇರಿಸಿದ್ದು. ಇಂಗ್ಲಿಷಿನ ಪದದಲ್ಲಿ ಆ ಬೆಚ್ಚಗಿನ ಭಾವ ಇಲ್ಲ. ಬಾಗಿಲು ಬಿಗಿ ಮಾಡಿದರೆ ಮೊದಲು ಹೊರಗೆ ಬೀಳೋದು ಇವರೇ. ದುಡ್ಡು ಮಾಡೋಕೆ ಬಂದವನು ‘ಲೈಫ್ ಕೋಚ್’ ಅಂತ ಬೋರ್ಡು ಬದಲಾಯಿಸಿಕೊಂಡು ಅಲ್ಲೇ ಕೂತಿರ್ತಾನೆ. ಹೆಸರಿನ ಬೇಲಿಯ ಸಮಸ್ಯೆಯೇ ಅದು, ಹೊಸ ಹೆಸರು ಇಟ್ಟುಕೊಂಡರೆ ಬೇಲಿ ಮುಗೀತು.

ಗೋವಾದ ಪ್ರಯೋಗದಲ್ಲಿ ನನಗೆ ಮುಖ್ಯ ಅನ್ನಿಸೋದು ‘ಮೇಲೊಬ್ಬರು ನಿಗಾ ಇಟ್ಟು’ ಅನ್ನೋ ಭಾಗ. ಡಿಗ್ರಿ ಚಿಕ್ಕದಿದ್ದರೂ ಕೆಲಸ ಒಬ್ಬರ ಕಣ್ಣೆದುರು ನಡೀತಿತ್ತು. ನಮ್ಮ ಕಾನೂನುಗಳು ಬಾಗಿಲಲ್ಲಿ ಡಿಗ್ರಿ ಕೇಳೋಕೆ ಕೂತಿವೆ, ಒಳಗೆ ಇಣುಕುವ ಕಿಟಕಿ ಇಟ್ಟಿಲ್ಲ. ನನ್ನನ್ನು ಕೇಳಿದರೆ ಮೊದಲು ಬೇಕಾದದ್ದು ದೂರು ಕೇಳುವ ಒಂದು ಮೇಜು. ಫೀಸು ತಗೊಂಡು ಆಲಿಸುವ ಯಾರೇ ಇರಲಿ, ಬೋರ್ಡಿನ ಮೇಲೆ ಏನೇ ಬರೆದಿರಲಿ, ಅವರ ಮೇಲೆ ಗುಟ್ಟಾಗಿ ದೂರು ಕೊಡಬಹುದಾದ ಮೇಜು. ಬಾಗಿಲಿನ ಜಗಳ ಆಮೇಲೆ ಮಾಡಿಕೊಳ್ಳಲಿ.

2021ರಲ್ಲಿ ಕೌನ್ಸೆಲರ್ ಅನ್ನೋ ಪದ ಇರುವ ಒಂದು ಕೇಂದ್ರ ಆರೋಗ್ಯ ಕಾಯಿದೆ ಬಂತು. ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯಿದೆ ಅಂತ ಅದರ ಉದ್ದ ಹೆಸರು. ಅದರ ‘ವರ್ತನಾ ಆರೋಗ್ಯ ವಿಜ್ಞಾನ’ ವಿಭಾಗದಲ್ಲಿ ಸೈಕಾಲಜಿಸ್ಟರು, ಆರೋಗ್ಯ ಕೌನ್ಸೆಲರುಗಳು, ಎಚ್‌ಐವಿ ಕೌನ್ಸೆಲರುಗಳು, ಸಮಾಜ ಕಾರ್ಯಕರ್ತರು ಇದ್ದಾರೆ. ಅವರ ಜೊತೆ ಮಧುಮೇಹದ ಬಗ್ಗೆ ತಿಳಿಹೇಳುವವರು, ಎದೆಹಾಲೂಡಿಸುವ ಸಲಹೆಗಾರರೂ ಇದ್ದಾರೆ. ಪುನರ್ವಸತಿ ಪರಿಷತ್ತಿನ ಕೆಳಗಿರುವ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಮಾತ್ರ ಹೊರಗಿಟ್ಟು ಬರೆದಿದ್ದಾರೆ. ಅಲ್ಲಿಗೆ ಒಂದೇ ಕಸುಬಿನ ಅಣ್ಣ ಒಂದು ಸಚಿವಾಲಯದಲ್ಲಿ, ತಮ್ಮ ಇನ್ನೊಂದು ಸಚಿವಾಲಯದಲ್ಲಿ. ಆರು ತಿಂಗಳಲ್ಲಿ ರಾಜ್ಯಗಳು ಮಂಡಳಿ ರಚಿಸಬೇಕು ಅಂತ ಕಾಯಿದೆಯಲ್ಲಿತ್ತು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಯಾಕೆ ಮಾಡಿಲ್ಲ ಅಂತ ಕೇಳಿ, ಎರಡು ತಿಂಗಳ ಗಡುವು ಕೊಡಬೇಕಾಯಿತು.

ಇತ್ತ ಕೌನ್ಸೆಲರುಗಳಿಗೆ ಬೇಡಿಕೆ ಇಡುವುದರಲ್ಲಿ ಸರ್ಕಾರವೇ ಮುಂದು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಫೋನ್ ಮಾಡಿದರೆ ಮೊದಲು ಎತ್ತುವವರು ತರಬೇತಿ ಪಡೆದ ಕೌನ್ಸೆಲರುಗಳು; ಅದರ ಕೇಂದ್ರ ಇದೇ ನಿಮ್ಹಾನ್ಸ್. 2025ರ ಜುಲೈನಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಯ ಕೇಸೊಂದರಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು ಅಂದಿತು. ಕೋರ್ಟಿನ ಕಾಳಜಿ ನೂರಕ್ಕೆ ನೂರು ಸರಿ. ಆದರೆ ಹೊಸ ಕಾಯಿದೆಯ ರಿಜಿಸ್ಟರು ತೆರೆಯುವ ತನಕ ‘ಅರ್ಹ’ ಅಂತ ಬರೆದುಕೊಡೋರು ಯಾರು? ಯಾವುದೋ ತಾಲೂಕಿನ ಪಿಯು ಕಾಲೇಜಿನ ಪ್ರಿನ್ಸಿಪಾಲರು ಜಾಹೀರಾತು ಕೊಡ್ತಾರೆ, ನಾಲ್ಕು ಅರ್ಜಿ ಬರುತ್ತೆ. ಒಬ್ಬರದ್ದು ಎಂ.ಎಸ್ಸಿ, ಒಬ್ಬರದ್ದು ಎಂ.ಎಸ್.ಡಬ್ಲ್ಯೂ, ಒಬ್ಬರದ್ದು ಆರು ವಾರದ ಡಿಪ್ಲೊಮಾ, ಇನ್ನೊಬ್ಬರು ಆ ಕಾಲೇಜಿನಲ್ಲೇ ಇಪ್ಪತ್ತು ವರ್ಷ ಪಾಠ ಮಾಡಿ, ಮಕ್ಕಳು ಅಳುವಾಗ ಜೊತೆ ಕೂತ ಮೇಡಮ್ಮು. ಅರ್ಜಿಗಳನ್ನು ಇಟ್ಟುಕೊಂಡು ಪ್ರಿನ್ಸಿಪಾಲರು ಈಗ ಗೂಗಲ್ ಮಾಡ್ತಾ ಕೂತಿರಬೇಕು.